ಲೋಹ ಮತ್ತು ಸಯನೈಡ್: ಬಂಧದ ಬಲ

ಉದ್ದೇಶ: ‘ಸಯನೈಡ್’ ಎಂಬ ಹೆಸರಿರುವ ಸಂಯುಕ್ತಗಳೆಲ್ಲ ಒಂದೇ ಪ್ರಮಾಣದಲ್ಲಿ ಅಪಾಯಕಾರಿಯಲ್ಲ, ಲೋಹದೊಡನೆ ಅದಕ್ಕಿರುವ ಬಂಧದ ಬಲವೇ ಅಪಾಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಅರಿಯುವುದು.

ವಿಷಯ ವಿವರಣೆ: ಸಯನೈಡ್ ಅಯಾನಿನಲ್ಲಿ ಒಂದು ಇಂಗಾಲ ಮತ್ತು ಒಂದು ಸಾರಜನಕ ಪರಮಾಣುಗಳಿವೆ. ಲೋಹಗಳೊಡನೆ ಕೂಡಿಕೊಳ್ಳುವುದು ಇದರ ಮುಖ್ಯ ಗುಣ. ಸಾಮಾನ್ಯ ಆಮ್ಲಗಳಲ್ಲಿ ಕರಗದ ಚಿನ್ನವೂ ಗಾಳಿಯ ಆಮ್ಲಜನಕದ ನೆರವಿನಿಂದ ಸಯನೈಡ್ ದ್ರಾವಣದಲ್ಲಿ ಕರಗುತ್ತದೆ. 1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಹಾಗೂ ಫಾರೆಸ್ಟ್ ಸಹೋದರರು ರೂಪಿಸಿದ ಈ ವಿಧಾನವನ್ನು ಕೋಲಾರದ ಚಿನ್ನದ ಗಣಿಗಳೂ ಅನುಸರಿಸಿದವು. 2001ರಲ್ಲಿ ಗಣಿಗಳು ಮುಚ್ಚಿದ ಮೇಲೂ ಅಲ್ಲಿ ‘ಸಯನೈಡ್ ಗುಡ್ಡ’ಗಳು ಉಳಿದುಕೊಂಡಿವೆ.

ಪ್ರಾಣಕ್ಕೆ ಎರವಾಗುವುದೂ ಇದೇ ಗುಣ. ದೇಹವನ್ನು ಸೇರಿದ ಸಯನೈಡ್ ಜೀವಕೋಶದ ಉಸಿರಾಟದ ಕಿಣ್ವವೊಂದರಲ್ಲಿರುವ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಆಗ ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ಚಿಕಿತ್ಸೆಯಲ್ಲಿಯೂ ಲೋಹವೇ ನೆರವಿಗೆ ಬರುತ್ತದೆ: ಹೈಡ್ರಾಕ್ಸೊಕೊಬಾಲಮಿನ್ ಎಂಬ ಔಷಧದ ಕೋಬಾಲ್ಟ್, ಸಯನೈಡನ್ನು ತನ್ನತ್ತ ಸೆಳೆದು ವಿಟಮಿನ್ ಬಿ12ರ ಒಂದು ರೂಪವಾಗುತ್ತದೆ.

ಬಂಧದ ವ್ಯತ್ಯಾಸ: ಸೋಡಿಯಂ, ಪೊಟ್ಯಾಸಿಯಂ ಮತ್ತು ಸತುವಿನ ಸಯನೈಡುಗಳು ಆಮ್ಲ ತಗುಲಿದೊಡನೆ ಹೈಡ್ರೋಜನ್ ಸಯನೈಡ್ ಎಂಬ ಮಾರಕ ಅನಿಲವನ್ನು ಬಿಡುತ್ತವೆ. ಲೋಹಲೇಪನದ ಕಾರ್ಖಾನೆಗಳಲ್ಲಿ ಆಮ್ಲವನ್ನೂ ಸಯನೈಡನ್ನೂ ಬೇರೆ ಬೇರೆ ಇರಿಸುವುದು ಈ ಕಾರಣದಿಂದಲೇ. ಪೊಟ್ಯಾಸಿಯಂ ಫೆರೊಸಯನೈಡಿನಲ್ಲಾದರೋ ಆರು ಸಯನೈಡುಗಳು ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಉಪ್ಪು ಗಂಟುಕಟ್ಟದಿರಲೆಂದು ಅತ್ಯಲ್ಪ ಪ್ರಮಾಣದಲ್ಲಿ ಇದನ್ನು ಬೆರೆಸಲು ಅನುಮತಿಯೂ ಇದೆ. ಆದರೆ ಪ್ರಬಲ ಆಮ್ಲದೊಡನೆ ಕಾಯಿಸಿದರೆ ಈ ಬಂಧವೂ ಮುರಿಯುತ್ತದೆ.

ಶಿಕ್ಷಕರ ಗಮನಕ್ಕೆ: ಗಡಿನಾಡಿನ ಶಾಲೆಗಳಿಗೆ ಬರುವ ಸೀಸೆಗಳ ಹೆಸರುಚೀಟಿ ಅನ್ಯಭಾಷೆಯಲ್ಲಿರುವುದುಂಟು. ಅದನ್ನು ಕನ್ನಡದಲ್ಲಿ ಬರೆಯುವಾಗ ‘ಫೆರೊ’ ಎಂಬ ಎರಡಕ್ಷರ ಬಿಟ್ಟುಹೋದರೆ ಪದಾರ್ಥವೇ ಬೇರೆಯಾಗುತ್ತದೆ. ಆದ್ದರಿಂದ ರಾಸಾಯನಿಕ ಸೂತ್ರವನ್ನೂ ಜೊತೆಗೆ ಬರೆಯತಕ್ಕದ್ದು. ಚೀಟಿಯಿಲ್ಲದ ಸೀಸೆಯನ್ನು ತೆರೆಯಬಾರದು, ಚರಂಡಿಗೆ ಸುರಿಯಬಾರದು; ಬೀಗದಲ್ಲಿರಿಸಿ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು. ಈ ಪಾಠಕ್ಕೆ ಪ್ರಯೋಗ ಪ್ರದರ್ಶನ ಸಲ್ಲದು, ಕರಿಹಲಗೆಯೇ ಸಾಕು.

ಅನಿಲ ಸೋರಿದ ಶಂಕೆಯಿದ್ದಲ್ಲಿ ಮುಚ್ಚಿದ ಕೋಣೆಗೆ ಯಾರೂ ನುಗ್ಗಬಾರದು. ದೂರ ಸರಿದು 112ಕ್ಕೆ ಕರೆಮಾಡಬೇಕು. ಬಿದ್ದವರಿಗೆ ಬಾಯಿಂದ ಬಾಯಿಗೆ ಉಸಿರು ಕೊಡಕೂಡದು.

ಮೌಲ್ಯಮಾಪನ: ಚಿನ್ನವನ್ನು ಕರಗಿಸುವ ಗುಣ ಮತ್ತು ಜೀವವನ್ನು ಕಳೆಯುವ ಗುಣ, ಇವೆರಡಕ್ಕೂ ಕಾರಣ ಒಂದೇ ಎಂಬುದನ್ನು ವಿದ್ಯಾರ್ಥಿಯು ಸ್ವಂತ ಮಾತಿನಲ್ಲಿ ವಿವರಿಸಲಿ.