ಗಾಜಿನ ತೊಟ್ಟಿಯ ಪಾಚಿ ಮತ್ತು ಗೊಬ್ಬರದ ಲೆಕ್ಕ

ತೋಟದಲ್ಲಿ ಬೆಳೆ ತಿನ್ನದ ಗೊಬ್ಬರವನ್ನು ಕಳೆ ತಿನ್ನುತ್ತದೆ. ನೀರಿನಲ್ಲಿ ಗಿಡ ತಿನ್ನದ ಗೊಬ್ಬರವನ್ನು ಪಾಚಿ ತಿನ್ನುತ್ತದೆ. ಮೊದಲ ಮಾತನ್ನು ಬೆಳೆಗಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಎರಡನೆಯದು ಮಾತ್ರ ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟಾಗ ಏಕೋ ಮರೆತುಹೋಗುತ್ತದೆ.

ನಮ್ಮ ಕಡೆಯ ಮನೆಗಳ ಮಕ್ಕಳು ಉದ್ಯೋಗಕ್ಕಾಗಿ ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರಗಳ ಸಿಮೆಂಟಿನ ಸೀಮೆಗೆ ಹೋಗಿ ನೆಲೆಸುವುದುಂಟು. ಊರಿನ ಹಳ್ಳದ ಗಿಡವನ್ನು ಒಯ್ದು ಅಲ್ಲಿಯ ಗಾಜಿನ ತೊಟ್ಟಿಯಲ್ಲಿ ನೆಟ್ಟರೆ, ಗಿಡ ಹಳದಿಯಾಗುತ್ತದೆ, ಗಾಜಿಗೆ ಪಾಚಿ ಹತ್ತುತ್ತದೆ. ಆಗ ಊರಿನಿಂದ ಹೋಗುವ ಸಲಹೆ ಒಂದೇ: “ಒಂದು ಚಿಟಿಕೆ ಮೈಲುತುತ್ತ ಹಾಕು.” ಈ ಸಲಹೆ ಏಕೆ ಸಲ್ಲದು, ಬದಲಿಗೆ ಏನು ಮಾಡಬೇಕು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ನೀರು ಯಾವ ಕಲ್ಲಿನದು?

ಮಲೆನಾಡಿನ ಹಳ್ಳದ ನೀರು ಮೆದು. ಅದರಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಕಾಗಿಣಾ ನದಿಯ ಆಚೀಚೆಯ ನೆಲ ಹಾಗಲ್ಲ. ಶಹಾಬಾದ್ ಹಾಸುಗಲ್ಲೂ ಅಲ್ಲಿಯ ಸಿಮೆಂಟೂ ಒಂದೇ ಸುಣ್ಣಕಲ್ಲಿನ ಮಕ್ಕಳು. ಆ ಕಲ್ಲಿನ ನಡುವೆ ಇಂಗಿ ಬಂದ ಬಾವಿಯ ನೀರು ಗಡಸು, ಕ್ಷಾರದ ಕಡೆಗೆ ವಾಲಿದ್ದು. ಚಿಂಚೋಳಿಯ ಕಾಡಿನ ಕಡೆಯವರೂ ತಮ್ಮ ನೀರನ್ನು ಪರೀಕ್ಷಿಸಿಯೇ ತಿಳಿಯಬೇಕು, ಊಹೆ ಸಾಲದು.

ತೊಟ್ಟಿಯೊಳಗೆ ಇಡುವ ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಎದ್ದರೆ ಅದು ಸುಣ್ಣಕಲ್ಲು. ಸೇಡಂನ ಗಡಸು ನೀರಿನಲ್ಲಿ ಅದರಿಂದ ಹೆಚ್ಚು ವ್ಯತ್ಯಾಸವಾಗದು. ಮಲೆನಾಡಿನ ಮೆದು ನೀರಿನಲ್ಲಾದರೆ ಅದು ಮೆಲ್ಲಗೆ ಕರಗಿ, ಹುಳಿ ಮಣ್ಣಿಗೆ ಸುಣ್ಣ ಹಾಕಿದಂತೆ ನೀರಿನ ಗುಣವನ್ನೇ ಬದಲಿಸುತ್ತದೆ.

ಗಡಸು ನೀರಿನಲ್ಲಿ ಗಿಡಕ್ಕೆ ಎರಡು ತೊಡಕುಗಳು. ಒಂದು, ಇಂಗಾಲದ ಡೈಆಕ್ಸೈಡ್ ಬಹುಪಾಲು ಬೈಕಾರ್ಬೊನೇಟ್ ರೂಪದಲ್ಲಿ ಇರುತ್ತದೆ. ಎಲ್ಲ ಗಿಡಕ್ಕೂ ಅದನ್ನು ಬಳಸುವ ಶಕ್ತಿಯಿಲ್ಲ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗಳಿಗೆ ಆ ಶಕ್ತಿ ಇದೆ. ಅವುಗಳ ಎಲೆಯ ಮೇಲೆ ಕೂರುವ ಬಿಳಿ ಪುಡಿ ರೋಗವಲ್ಲ, ಗಿಡ ಬೈಕಾರ್ಬೊನೇಟನ್ನು ಬಳಸಿದ ಮೇಲೆ ಉಳಿದ ಸುಣ್ಣ. ಎರಡು, ಕಬ್ಬಿಣ ಗಿಡಕ್ಕೆ ದಕ್ಕದ ರೂಪಕ್ಕೆ ತಿರುಗಿ ತಳ ಸೇರುತ್ತದೆ. ಎಳೆಯ ಎಲೆ ಹಳದಿಯಾಗುವುದು ಬಹುತೇಕ ಇದರಿಂದ.

ಮೈಲುತುತ್ತ ಏಕೆ ಬೇಡ?

ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತದ ಜೊತೆಗೆ ಸುಣ್ಣ ಸೇರಿಸುವುದು ತಾಮ್ರದ ಉಗ್ರತೆಯನ್ನು ತಗ್ಗಿಸಲು. ನೀರಿನಲ್ಲಿಯೂ ಇದೇ ನಡೆಯುತ್ತದೆ. ಸುಣ್ಣವಿಲ್ಲದ ಮೆದು ನೀರಿನಲ್ಲಿ ತಾಮ್ರ ಮೀನಿಗೆ ಅತಿ ವಿಷ. ಗಡಸು ನೀರಿನಲ್ಲಿ ಅದರ ಉಗ್ರತೆ ಕಡಿಮೆ. ಆದ್ದರಿಂದಲೇ “ಇನ್ನಷ್ಟು ಹಾಕೋಣ” ಎನಿಸುತ್ತದೆ. ಹಾಗೆ ಹಾಕಿದ ತಾಮ್ರ ಮಾಯವಾಗುವುದಿಲ್ಲ, ತಳದ ಮರಳಿನಲ್ಲಿ ಉಳಿಯುತ್ತದೆ. ಬಸವನಹುಳು, ಸೀಗಡಿಗಳು ಸಾಯುತ್ತವೆ.

ಪಾಚಿ ಒಮ್ಮೆಗೇ ಸತ್ತರೆ ಇನ್ನೊಂದು ಅಪಾಯವೂ ಇದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಕಲಬುರಗಿ ಜಿಲ್ಲೆಯ ಬೇಸಿಗೆಯಲ್ಲಿ ಈ ಕೊರತೆಯೇ ಮೀನನ್ನು ಕೊಲ್ಲಬಲ್ಲದು.

ಯೂರಿಯಾವೂ ಬೇಡ

ಯೂರಿಯಾ ನೀರಿನಲ್ಲಿ ಅಮೋನಿಯಾ ಆಗುತ್ತದೆ. 25 ಡಿಗ್ರಿ ಶಾಖದಲ್ಲಿ, ಪಿ.ಎಚ್. 7 ಇದ್ದಾಗ ಅದರಲ್ಲಿ ಮೀನಿಗೆ ವಿಷವಾಗುವ ಪಾಲು ನೂರಕ್ಕೆ ಅರ್ಧ, ಪಿ.ಎಚ್. 8 ಆದರೆ ನೂರಕ್ಕೆ ಐದು. ಎಂದರೆ ಅಷ್ಟೇ ಯೂರಿಯಾ ಸುಣ್ಣಕಲ್ಲಿನ ಸೀಮೆಯಲ್ಲಿ ಸುಮಾರು ಹತ್ತು ಪಟ್ಟು ಅಪಾಯಕಾರಿ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೇಟಾಗಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆದುದರಿಂದ ಮೊದಲು ಗಿಡವನ್ನು ಒತ್ತೊತ್ತಾಗಿ ನೆಡಿ, ಮೀನು ಆಮೇಲೆ ಬರಲಿ.

ಗೊಬ್ಬರದ ಲೆಕ್ಕ

ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂದು ಲೆಕ್ಕ ಹಿಡಿಯುವ ನಾವು ತೊಟ್ಟಿಗೂ ಲೆಕ್ಕ ಹಿಡಿಯಬೇಕು. ಉದ್ದ, ಅಗಲ, ನೀರಿನ ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರು ದೊರೆಯುತ್ತದೆ. 90, 30, 36 ಅಳತೆಯ ತೊಟ್ಟಿಗೆ 97 ಲೀಟರು.

ತೋಟಕ್ಕೆ ತರುವ 13:0:45 (ಪೊಟ್ಯಾಸಿಯಂ ನೈಟ್ರೇಟ್) ಮತ್ತು 0:52:34 ಗೊಬ್ಬರಗಳೇ ಇಲ್ಲಿಯೂ ಸಾಕು. 100 ಲೀಟರಿಗೆ ಮೊದಲನೆಯದು 1 ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 6 ಮಿಲಿಗ್ರಾಂ ನೈಟ್ರೇಟ್. ಎರಡನೆಯದು ಗ್ರಾಮಿನ ಹತ್ತನೇ ಒಂದು ಪಾಲು ಹಾಕಿದರೆ 0.7 ಮಿಲಿಗ್ರಾಂ ಫಾಸ್ಫೇಟ್. ಗಿಡ ದಟ್ಟವಾಗಿದ್ದು ಮೀನು ಕಡಿಮೆ ಇದ್ದರೆ ವಾರಕ್ಕೆ ಇಷ್ಟು ಸಾಕು. ಮೀನು ಹೆಚ್ಚಿದ್ದರೆ ಅವುಗಳ ಆಹಾರದಿಂದಲೇ ಇದು ಬರುತ್ತದೆ, ಏನೂ ಹಾಕಬೇಡಿ. ಚಿಟಿಕೆಯ ಅಳತೆಯನ್ನು ನಂಬಬೇಡಿ: 10 ಗ್ರಾಂ ಗೊಬ್ಬರವನ್ನು ಒಂದು ಲೀಟರು ನೀರಿನಲ್ಲಿ ಕರಗಿಸಿಟ್ಟರೆ ಅದರ 100 ಮಿಲಿಲೀಟರಿಗೆ 1 ಗ್ರಾಂ.

ಚೀಲೇಟ್ ಕಬ್ಬಿಣ ಕೊಳ್ಳುವಾಗ ಹೆಸರು ಓದಿ. ಇ.ಡಿ.ಟಿ.ಎ. ರೂಪ ಕ್ಷಾರ ನೀರಿನಲ್ಲಿ ಬೇಗ ಕೆಡುತ್ತದೆ, ಡಿ.ಟಿ.ಪಿ.ಎ. ಅದಕ್ಕಿಂತ ಮೇಲು.

ಪಾಚಿ ಬಂದಾಗ

1. ಮೊದಲು ಬೆಳಕನ್ನು ನೋಡಿ. ದಿನಕ್ಕೆ 6ರಿಂದ 8 ಗಂಟೆ ಸಾಕು. ನೇರ ಬಿಸಿಲು ಬೀಳಬಾರದು. ಬೆಳಕು ಹೆಚ್ಚಿದಷ್ಟೂ ಗಿಡಕ್ಕೆ ಹಸಿವು ಹೆಚ್ಚು. ಒಂದು ಪೋಷಕಾಂಶ ಸಾಲದೆ ಗಿಡ ನಿಂತುಬಿಟ್ಟರೆ ಉಳಿದದ್ದೆಲ್ಲ ಪಾಚಿಯ ಪಾಲು.

2. ಹೊಸ ತೊಟ್ಟಿಯಲ್ಲಿ ಕಂದು ಪುಡಿಯಂತೆ ಕೂರುವ ಪಾಚಿಗೆ ಹೆದರಬೇಡಿ. ಒರೆಸಿ, ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ.

3. ಲೋಳೆಯಾಗಿ ಹಾಸಿ ವಾಸನೆ ಬರುವ ನೀಲಿಹಸಿರು ಪದರವನ್ನು ಕೊಳವೆಯಿಂದ ಹೀರಿ ತೆಗೆಯಿರಿ. ತಳದ ಕೊಳೆ ತೆಗೆದು ನೀರಿನ ಹರಿವು ಹೆಚ್ಚಿಸಿ.

4. ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಿಸಿ. ಆರಿದಷ್ಟು ನೀರು ತುಂಬಿಸುವುದು ಬದಲಿಸಿದಂತಲ್ಲ. ನೀರು ಆರುತ್ತದೆ, ಸುಣ್ಣ ಅಲ್ಲೇ ಉಳಿದು ಬೆಳೆಯುತ್ತದೆ. ತಾರಸಿಯ ಶುದ್ಧ ಮಳೆನೀರು ಹಿಡಿದಿಟ್ಟಿದ್ದರೆ ಆರಿದ ನೀರಿನ ಬದಲಿಗೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಬಳಸಿ.

ತೋಟದ ಕೆರೆಗೂ ಇದೇ ಪಾಠ

1973ರಲ್ಲಿ ಕೆನಡಾ ದೇಶದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂಟಾರಿಯೋ ಪ್ರಾಂತ್ಯದ ಒಂದು ಕೆರೆಯನ್ನು ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಕಡೆ ನೀರೆಲ್ಲ ಹಸಿರಾಯಿತು. ಬೇರು ಬಿಟ್ಟ ಗಿಡಗಳು ತುಂಬಿದ ತೊಟ್ಟಿಯಲ್ಲಿ ರಂಜಕವನ್ನು ಉಣ್ಣುವವರಿದ್ದಾರೆ. ಬರಿ ನೀರಿನ ಕೆರೆಯಲ್ಲಿ ಪಾಚಿಯೊಂದೇ. ಮಳೆಗೆ ಮುಂಚೆ ಇಳಿಜಾರಿನಲ್ಲಿ ಚೆಲ್ಲಿದ ಗೊಬ್ಬರ ಎಲ್ಲಿಗೆ ಹೋಗುತ್ತದೆಂಬುದನ್ನು ತೋಟದ ಕೆಳಗಿನ ಕೆರೆಯ ಬಣ್ಣವೇ ಹೇಳುತ್ತದೆ. ಆದುದರಿಂದ ಪಾಚಿ ಕಂಡಾಗ ಔಷಧಿಯ ಡಬ್ಬ ತೆರೆಯುವ ಮೊದಲು ಗೊಬ್ಬರದ ಲೆಕ್ಕದ ಪುಸ್ತಕವನ್ನು ತೆರೆಯುವುದು ಮೇಲು.