ತೃಪ್ತಿಯ ಅಳತೆಗೋಲು ಮತ್ತು ಕನ್ನಡ ತರಗತಿ

ಉನ್ನತ ಶಿಕ್ಷಣದ ಗುಣಮಟ್ಟವನ್ನು ಕುರಿತ ಚರ್ಚೆಗಳಲ್ಲಿ ‘ವಿದ್ಯಾರ್ಥಿ ತೃಪ್ತಿ’ ಎಂಬ ಪರಿಕಲ್ಪನೆ ಮಹತ್ವದ ಸ್ಥಾನವನ್ನು ಪಡೆದಿದೆ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು (ನ್ಯಾಕ್) 2017ರಲ್ಲಿ ಪರಿಷ್ಕರಿಸಿದ ಚೌಕಟ್ಟಿನಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಬೋಧನೆ, ಕಲಿಕೆ ಹಾಗೂ ಮೌಲ್ಯಮಾಪನದ ಮಾನದಂಡದೊಳಗೆ ಸೇರಿಸಿತು. ಇಂತಹ ಸಮೀಕ್ಷೆಗಳಿಂದ ದೊರೆಯುವ ಅಂಕಿಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯಲಾರವು ಎಂಬುದನ್ನು ಕನ್ನಡ ಬೋಧನೆಯ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಅಳತೆಗೋಲು ಹುಟ್ಟಿದ್ದು ವಿದ್ಯಾಲಯದಲ್ಲಲ್ಲ. ಪರಶುರಾಮನ್, ಝೈತಮಲ್ ಮತ್ತು ಬೆರ್ರಿ ಎಂಬ ವಿದ್ವಾಂಸರು 1985ರಲ್ಲಿ ಸೇವಾ ಗುಣಮಟ್ಟದ ಮಾದರಿಯನ್ನು ರೂಪಿಸಿದಾಗ ಅವರ ಮುಂದಿದ್ದುದು ಬ್ಯಾಂಕು, ಕ್ರೆಡಿಟ್ ಕಾರ್ಡು, ಷೇರು ದಲ್ಲಾಳಿ ಮತ್ತು ಯಂತ್ರಗಳ ದುರಸ್ತಿ. ಅವರು 1988ರಲ್ಲಿ ಪ್ರಕಟಿಸಿದ ‘ಸರ್ವ್‌ಕ್ವಾಲ್’ ಪ್ರಶ್ನಾವಳಿಯು 22 ಹೇಳಿಕೆಗಳ ಮೂಲಕ ಭೌತಿಕ ಸೌಲಭ್ಯ, ವಿಶ್ವಾಸಾರ್ಹತೆ, ಸ್ಪಂದನೆ, ಭರವಸೆ, ಸಹಾನುಭೂತಿ ಎಂಬ ಐದು ಆಯಾಮಗಳನ್ನು ಅಳೆಯುತ್ತದೆ. ಗ್ರಾಹಕನ ಅನುಭವದಿಂದ ಅವನ ನಿರೀಕ್ಷೆಯನ್ನು ಕಳೆದರೆ ಉಳಿಯುವುದೇ ಗುಣಮಟ್ಟ ಎಂಬುದು ಇದರ ತಿರುಳು. ನಿರೀಕ್ಷೆಯನ್ನು ಕೈಬಿಟ್ಟು ಅನುಭವವನ್ನಷ್ಟೇ ಅಳೆಯಬೇಕೆಂದು ಕ್ರೋನಿನ್ ಮತ್ತು ಟೇಲರ್ 1992ರಲ್ಲಿ ವಾದಿಸಿದರು.

ನಿರೀಕ್ಷೆಯ ಪ್ರಶ್ನೆ ನಮಗೆ ಬಹು ಮುಖ್ಯವಾದುದು. ಮನೆತನದಲ್ಲಿ ಮೊದಲಿಗನಾಗಿ ಪದವಿ ತರಗತಿಗೆ ಬಂದ ವಿದ್ಯಾರ್ಥಿಯ ನಿರೀಕ್ಷೆಯೇ ಅಲ್ಪ. ಗ್ರಂಥಾಲಯದಲ್ಲಿ ನಿಘಂಟು ಇರಬೇಕೆಂದು ತಿಳಿಯದವನಿಗೆ ಅದರ ಕೊರತೆ ಕಾಣುವುದಿಲ್ಲ. ಹೀಗಾಗಿ ಸೌಲಭ್ಯವಿಲ್ಲದ ಕಾಲೇಜಿನಲ್ಲಿಯೂ ತೃಪ್ತಿಯ ಅಂಕ ಮೇಲೇರಬಹುದು. ಪ್ರಶ್ನೆಯಿಂದ ನಿರೀಕ್ಷೆಯನ್ನು ತೆಗೆದುಹಾಕಿದರೂ ಉತ್ತರಿಸುವವನ ಮನಸ್ಸಿನಿಂದ ಅದು ಹೋಗುವುದಿಲ್ಲ. ಇದರ ಜೊತೆಗೆ ಗುರುವಿನ ಮೇಲಣ ಗೌರವವೂ ಉತ್ತರದಲ್ಲಿ ಬೆರೆಯುತ್ತದೆ. ಪಾಠ ಹೇಗಿತ್ತೆಂದು ಕೇಳಿದರೆ ‘ಚೆನ್ನಾಗಿತ್ತು ಸರ್’ ಎನ್ನುವುದು ನಮ್ಮಲ್ಲಿ ಅಭಿಪ್ರಾಯಕ್ಕಿಂತ ಹೆಚ್ಚಾಗಿ ಮರ್ಯಾದೆ.

‘ಸೇವೆ’ ಎಂಬ ಪದವನ್ನೂ ಇಲ್ಲಿ ಗಮನಿಸಬೇಕು. ಕನ್ನಡದಲ್ಲಿ ಗುರುಸೇವೆಯೆಂದರೆ ಶಿಷ್ಯನು ಗುರುವಿಗೆ ಸಲ್ಲಿಸುವುದು. ಪ್ರಶ್ನಾವಳಿಯ ಸೇವೆ ಅದಕ್ಕೆ ವಿರುದ್ಧ ದಿಕ್ಕಿನದು. (ದೇವಾಲಯಗಳ ಸೇವಾಪಟ್ಟಿಯಲ್ಲಿ ದರವೂ ನಮೂದಾಗಿರುತ್ತದೆಂಬುದನ್ನು ಮರೆತು, ಸೇವೆಗೂ ಹಣಕ್ಕೂ ನಂಟೇ ಇರಲಿಲ್ಲವೆಂದು ವಾದಿಸಬೇಕಾಗಿಲ್ಲ.) ಅಂಕಪಟ್ಟಿ, ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ, ಗ್ರಂಥಾಲಯ ಇವು ನಿಸ್ಸಂದೇಹವಾಗಿ ಸೇವೆಗಳೇ. ಇವುಗಳಲ್ಲಿ ವಿಳಂಬವಾದಾಗ ವಿದ್ಯಾರ್ಥಿಯ ಅತೃಪ್ತಿಗಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ತೊಡಕಿರುವುದು ಇದೇ ಅಳತೆಯನ್ನು ಬೋಧನೆಗೂ ಹಚ್ಚುವುದರಲ್ಲಿ.

ಹಳಗನ್ನಡದ ತರಗತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪಂಪನ ಪದ್ಯವನ್ನು ಅನ್ವಯಿಸಿ, ಸಂಧಿ ಬಿಡಿಸಿ, ‘ಶಬ್ದಮಣಿದರ್ಪಣ’ದ ಸೂತ್ರಕ್ಕೆ ಹೊಂದಿಸಿ ಓದಿಸುವ ಅಧ್ಯಾಪಕರ ತರಗತಿ ಮೊದಲ ತಿಂಗಳುಗಳಲ್ಲಿ ಕಷ್ಟವೆನಿಸುತ್ತದೆ. ಸಾರಾಂಶವನ್ನು ಬರೆಯಿಸಿ, ಪರೀಕ್ಷೆಗೆ ಬರುವ ಪ್ರಶ್ನೆಗಳನ್ನು ಗುರುತು ಹಾಕಿಸುವವರು ಹೆಚ್ಚು ಮೆಚ್ಚುಗೆ ಗಳಿಸಿದರೆ ಆಶ್ಚರ್ಯವಿಲ್ಲ. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಊಹೆಗೆ ಬಲ ಕೊಡುತ್ತದೆ. ಅಲ್ಲಿ ವಿದ್ಯಾರ್ಥಿಗಳನ್ನು ಅಧ್ಯಾಪಕರಿಗೆ ಯಾದೃಚ್ಛಿಕವಾಗಿ ಹಂಚಲಾಗುತ್ತಿತ್ತು. ಕಡಿಮೆ ಅನುಭವದ ಅಧ್ಯಾಪಕರ ವಿದ್ಯಾರ್ಥಿಗಳು ಆಯಾ ಪತ್ರಿಕೆಯಲ್ಲಿ ಹೆಚ್ಚು ಅಂಕ ಪಡೆದರು, ಅಧ್ಯಾಪಕರನ್ನು ಹೆಚ್ಚು ಮೆಚ್ಚಿದರು. ಅನುಭವಿಗಳ ವಿದ್ಯಾರ್ಥಿಗಳು ಅದರ ಮುಂದಿನ ಹಂತದ ಪತ್ರಿಕೆಗಳಲ್ಲಿ ಮೇಲುಗೈ ಸಾಧಿಸಿದರು. ಆ ಅಧ್ಯಯನ ಗಣಿತ ಹಾಗೂ ವಿಜ್ಞಾನದ ಪತ್ರಿಕೆಗಳನ್ನು ಅವಲಂಬಿಸಿದ್ದು, ಸಾಹಿತ್ಯಕ್ಕೆ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಅದು ಎಬ್ಬಿಸುವ ಸಂದೇಹ ನಮಗೂ ಸಲ್ಲುತ್ತದೆ. ವರ್ಷವರ್ಷವೂ ಮರುನೇಮಕವನ್ನು ಎದುರುನೋಡುವ ಅತಿಥಿ ಉಪನ್ಯಾಸಕರು ತೃಪ್ತಿಯ ಅಂಕಕ್ಕೆ ಅಂಜಿ ಪದ್ಯವನ್ನು ಬಿಟ್ಟು ಸಾರಾಂಶಕ್ಕೆ ಇಳಿದರೆ, ಹಳಗನ್ನಡವನ್ನು ಓದಬಲ್ಲ ಮುಂದಿನ ತಲೆಮಾರು ಎಲ್ಲಿಂದ ಬರಬೇಕು?

ಸಮೀಕ್ಷೆಯನ್ನೇ ತ್ಯಜಿಸಬೇಕೆಂಬುದು ಇಲ್ಲಿನ ವಾದವಲ್ಲ. ‘ನಿಮಗೆ ತೃಪ್ತಿಯಾಗಿದೆಯೇ’ ಎಂಬ ಪ್ರಶ್ನೆಯ ಬದಲಿಗೆ ನಡೆದುದನ್ನು ಕೇಳುವ ಪ್ರಶ್ನೆಗಳನ್ನು ಕನ್ನಡ ವಿಭಾಗಗಳು ತಾವೇ ರಚಿಸಿಕೊಳ್ಳಬಹುದು. ನಿಗದಿಯಾದ ಕೃತಿಯ ಎಷ್ಟು ಪದ್ಯಗಳನ್ನು ತರಗತಿಯಲ್ಲಿ ಓದಲಾಯಿತು, ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆ ಟಿಪ್ಪಣಿಯೊಡನೆ ಹಿಂದಿರುಗಿತೇ, ಪಠ್ಯಪುಸ್ತಕ ಯಾವ ತಿಂಗಳಲ್ಲಿ ಕೈಸೇರಿತು ಎಂಬಂತಹವು. ಬೋಧನೆಯ ಮೌಲ್ಯವನ್ನು ಕುರಿತ ಪ್ರಶ್ನೆಯನ್ನಾದರೋ ಪದವಿ ಮುಗಿಸಿ ಎರಡು ಮೂರು ವರ್ಷ ಕಳೆದವರಿಗೆ, ಬಿ.ಇಡಿ. ಅಥವಾ ಎಂ.ಎ. ತರಗತಿಯಲ್ಲಿ ಕುಳಿತವರಿಗೆ, ಕೇಳುವುದು ಮೇಲು.