ನೋಂದಣಿಯ ನವೀಕರಣ: ಒಬ್ಬ ವೃತ್ತಿ ಶಿಕ್ಷಕನ ಅನುಭವ

ವೃತ್ತಿ ಪುನರ್ವಸತಿಯ ಕ್ಷೇತ್ರಕ್ಕೆ ಹೊಸದಾಗಿ ಬರುವ ತರುಣ ತರುಣಿಯರು, ಡಿಪ್ಲೊಮಾದ ಪ್ರಮಾಣಪತ್ರ ಕೈಸೇರಿದೊಡನೆ ತಮ್ಮ ವ್ಯಾಸಂಗ ಮುಗಿಯಿತೆಂದೂ, ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ, ನಂಬರೊಂದು ದೊರೆತರೆ ಅದು ಆಜೀವ ಪರ್ಯಂತ ತಮ್ಮ ಹೆಸರಿನ ಮುಂದೆ ನಿಲ್ಲುವುದೆಂದೂ ನಂಬಿಕೊಂಡಿರುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಅವರಿಗೆ ತಿಳಿಸಿ ಹೇಳುವ ಸಂದರ್ಭ ಬಂದಾಗಲೆಲ್ಲ ನನಗೆ ಒದಗಿದ ಕಷ್ಟವನ್ನು ಅರ್ಧಂಬರ್ಧವಾಗಿ ಹೇಳಿ ಸುಮ್ಮನಾಗುತ್ತಿದ್ದೆನಾದ್ದರಿಂದ, ಈಗ ಅದನ್ನು ಆದ್ಯಂತವಾಗಿ ಬರೆದಿಡುವುದು ಉಚಿತವೆಂದು ತೋರಿತು. ನಾನು ಅಲಕ್ಷ್ಯದಿಂದ ನೋಂದಣಿಯನ್ನು ಕಳೆದುಕೊಂಡೆನೆಂಬ ಮಾತು ನಮ್ಮ ಜಿಲ್ಲೆಯ ಕೆಲವು ಸಂಸ್ಥೆಗಳಲ್ಲಿ ಇಂದಿಗೂ ಕೇಳಿಬರುತ್ತಿರುವುದರಿಂದ, ಅದು ಸತ್ಯಕ್ಕೆ ದೂರವೆಂಬುದನ್ನು ತೋರಿಸುವ ಉದ್ದೇಶವೂ ಈ ಬರವಣಿಗೆಯ ಹಿಂದೆ ಇದೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನೋಂದಣಿಯ ಕಾನೂನಿನ ವಿಷಯದಲ್ಲಿ ನನಗೆ ಅಗೌರವವಿಲ್ಲ. 1986ರಲ್ಲಿ ಒಂದು ಸೊಸೈಟಿಯಾಗಿ ಆರಂಭವಾದ ಭಾರತೀಯ ಪುನರ್ವಸತಿ ಪರಿಷತ್ತು, 1992ರ ಅಧಿನಿಯಮದ ಬಲದಿಂದ 1993ರ ಜೂನ್ 22ರಂದು ಶಾಸನಬದ್ಧ ಸಂಸ್ಥೆಯಾಗಿ, ವಿಶೇಷ ಶಿಕ್ಷಕರು, ವಾಕ್ ಶ್ರವಣ ತಜ್ಞರು, ಕೃತಕ ಅಂಗಗಳನ್ನು ಮಾಡುವವರು ಮೊದಲಾದವರೊಡನೆ ವೃತ್ತಿ ಸಲಹೆಗಾರರನ್ನೂ, ಉದ್ಯೋಗ ಕೊಡಿಸುವ ಅಧಿಕಾರಿಗಳನ್ನೂ, ಪುನರ್ವಸತಿ ಕಾರ್ಯಾಗಾರಗಳ ವ್ಯವಸ್ಥಾಪಕರನ್ನೂ ಒಂದೇ ಕೇಂದ್ರ ನೋಂದಣಿಯೊಳಗೆ ತಂದಿತು. ಹೀಗೆ ತರುವುದು ಎಷ್ಟು ಆವಶ್ಯಕವಾಗಿತ್ತೆಂಬುದನ್ನು ನಾನು ಪುಸ್ತಕದಿಂದ ಅರಿತವನಲ್ಲ. ನಾನು ಕೆಲಸಕ್ಕೆ ಸೇರಿದ ಆರಂಭದ ದಿನಗಳಲ್ಲಿ ನೋಡಲು ಹೋದ ಒಂದು ತರಬೇತಿ ಕೇಂದ್ರದಲ್ಲಿ, ಆಗಾಗ ಮೂರ್ಛೆ ಬರುತ್ತಿದ್ದ ಹುಡುಗಿಯೊಬ್ಬಳನ್ನು ಪ್ಲಾಸ್ಟಿಕ್ ಚೀಲಗಳ ಬಾಯಿ ಬೆಸೆಯುವ ಕಾದ ಯಂತ್ರದ ಎದುರಿಗೆ ಕೂರಿಸಿದ್ದರು. ಅವಳ ಮುಂಗೈಯ ಮೇಲೆ ಯಂತ್ರದ ಪಟ್ಟಿಯಷ್ಟೇ ಅಗಲದ ಎರಡು ಸುಟ್ಟ ಗೆರೆಗಳು, ಒಂದು ಹಳೆಯದು, ಮತ್ತೊಂದು ಇನ್ನೂ ಕೆಂಪಗಿದ್ದುದು, ಸಮಾನಾಂತರವಾಗಿ ಮೂಡಿದ್ದವು. ಅವಳಿಗೆ ಕೆಲಸ ಹೇಳಿಕೊಡುತ್ತಿದ್ದ ವ್ಯಕ್ತಿ ಸಜ್ಜನನೇ. ಆದರೆ ಕೆಲಸ ಕೊಡುವುದಕ್ಕೆ ಮುಂಚೆ ಮೂರ್ಛೆಯ ವಿಚಾರವನ್ನು ಕೇಳತಕ್ಕದ್ದೆಂಬುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅನರ್ಹರ ಕೈಗೆ ಈ ಕೆಲಸ ಹೋಗಬಾರದೆಂದು ಕಾನೂನು ಹೇಳಿದರೆ ಅದನ್ನು ಒಪ್ಪದಿರಲು ನನಗೆ ಹೇಗೆ ಸಾಧ್ಯ?

ಅಂತೆಯೇ ನಿರಂತರ ಶಿಕ್ಷಣದ ವಿಷಯದಲ್ಲಿಯೂ ನನಗೆ ತಕರಾರಿಲ್ಲ. ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು; ನವೀಕರಿಸುವುದಕ್ಕೆ ಪರಿಷತ್ತು ಒಪ್ಪಿದ ಶಿಬಿರಗಳಲ್ಲಿ ಕೂತು, ನಮ್ಮವರು ಸಿಆರ್‌ಇ ಪಾಯಿಂಟ್ ಎಂದು ಕರೆಯುವ ಅಂಕಗಳನ್ನು ಗಳಿಸಿರಬೇಕು. ಇಂಥ ಶಿಬಿರಗಳಿಂದ ಏನೂ ಪ್ರಯೋಜನವಿಲ್ಲವೆನ್ನುವವರ ಮಾತನ್ನು ನಾನು ಒಪ್ಪಲಾರೆ. ನಾನು ಕಲಿಸುವ ತರಬೇತಿ ಕೇಂದ್ರದಲ್ಲಿ ಅಗರಬತ್ತಿಯ ಪೊಟ್ಟಣ ಕಟ್ಟುವ ವಿಭಾಗವಿದೆ. ಪೊಟ್ಟಣಕ್ಕೆ 20 ಕಡ್ಡಿ. ಐದರಿಂದಾಚೆಗೆ ಎಣಿಕೆ ಬಾರದ ಹುಡುಗನೊಬ್ಬನಿಗೆ ಸಂಖ್ಯೆಯನ್ನು ಕಲಿಸಲು ಬಹುಕಾಲ ಹೆಣಗಿ, ಅವನೂ ನಾನೂ ಬೇಸತ್ತಿದ್ದ ಸಮಯದಲ್ಲಿ, ಒಂದು ಶಿಬಿರದಲ್ಲಿ ಹಿರಿಯ ಬೋಧಕಿಯೊಬ್ಬರು ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು, ಯಾವ ಹೆಜ್ಜೆಯಲ್ಲಿ ಕಲಿಯುವವನು ಎಡವುತ್ತಾನೋ ಆ ಹೆಜ್ಜೆಯನ್ನೇ ಬದಲಿಸುವ ಕ್ರಮವನ್ನು ವಿವರಿಸಿದರು. ಊರಿಗೆ ಬಂದವನೇ ಬಡಗಿಯಿಂದ ಗೇಣುದ್ದದ ಹಲಗೆಯೊಂದರಲ್ಲಿ 20 ಗೀರುಗಳನ್ನು ಕೊರೆಯಿಸಿದೆ. ಗೀರಿಗೊಂದು ಕಡ್ಡಿ ಇಡುವುದು, ಖಾಲಿ ಗೀರು ಕಣ್ಣಿಗೆ ಬಿದ್ದರೆ ತುಂಬುವುದು, ಎಲ್ಲ ತುಂಬಿದ ಮೇಲೆ ಹಲಗೆಯನ್ನು ಓರೆಮಾಡಿ ಕಡ್ಡಿಗಳನ್ನು ಕೊಳವೆಯೊಳಕ್ಕೆ ಜಾರಿಸುವುದು. ಎಣಿಕೆಯ ಹಂಗೇ ಉಳಿಯಲಿಲ್ಲ. ಆ ವಾರದಿಂದಾಚೆಗೆ ಅವನ ಪೊಟ್ಟಣಗಳಲ್ಲಿ ಒಂದು ಕಡ್ಡಿಯೂ ಹೆಚ್ಚುಕಡಮೆಯಾಗಲಿಲ್ಲ.

ಮತ್ತೊಂದು ಶಿಬಿರದಲ್ಲಿ, ಮೊದಲು ವರ್ಷಗಟ್ಟಲೆ ಕಾರ್ಯಾಗಾರದಲ್ಲಿ ಕಲಿಸಿ ಆಮೇಲೆ ಉದ್ಯೋಗ ಹುಡುಕುವ ಪದ್ಧತಿಯನ್ನು ತಿರುಗಿಸಿ, ಮೊದಲು ನಿಜವಾದ ಉದ್ಯೋಗದ ಸ್ಥಳದಲ್ಲಿ ಸೇರಿಸಿ, ಶಿಕ್ಷಕನೇ ಅಲ್ಲಿಗೆ ಹೋಗಿ ಜೊತೆಗೆ ನಿಂತು ಕಲಿಸುವ ಕ್ರಮವನ್ನು ಕುರಿತು ಕೇಳಿದೆ. ಅಮೆರಿಕದಲ್ಲಿ 1986ರ ಪುನರ್ವಸತಿ ಕಾನೂನಿನ ತಿದ್ದುಪಡಿಯಲ್ಲಿ ಈ ಬೆಂಬಲಿತ ಉದ್ಯೋಗಕ್ಕೆ ಸ್ಥಾನ ದೊರೆಯಿತೆಂದೂ, ಮಾನಸಿಕ ಅಸ್ವಸ್ಥತೆಯುಳ್ಳವರ ಮಟ್ಟಿಗೆ ಇದೇ ತತ್ತ್ವವನ್ನು ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ಎಂಬವರು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೆಳೆಸಿದರೆಂದೂ ತಿಳಿದುಕೊಂಡದ್ದು ಅಲ್ಲಿಯೇ. ಕಾರ್ಯಾಗಾರವೆಂಬ ನಾಲ್ಕು ಗೋಡೆಗಳಾಚೆಗೆ ನಾನು ಕಣ್ಣು ಹಾಯಿಸಿದ್ದು ಅಂದಿನಿಂದ.

ಇಷ್ಟು ಶ್ರದ್ಧೆಯಿದ್ದವನಿಗೇ ಆ ಸಂಕಟ ಬಂತು. ಉತ್ತರ ಕರ್ನಾಟಕದ ಒಂದು ಪಟ್ಟಣದಲ್ಲಿ, ಹೆಸರು ಬೇಡ, ಒಂದು ಸಂಸ್ಥೆಯವರು ವೃತ್ತಿ ತರಬೇತಿಯನ್ನು ಕುರಿತ ಶಿಬಿರವನ್ನು ಏರ್ಪಡಿಸಿ, ಪರಿಷತ್ತಿನ ಅನುಮೋದನೆ ಬಂದಿದೆಯೆಂದು ಆಹ್ವಾನ ಪತ್ರದಲ್ಲಿಯೇ ಅಚ್ಚುಮಾಡಿಸಿದ್ದರು. ಬೆಳಗ್ಗೆ ಮಧ್ಯಾಹ್ನ ಎರಡೂ ಹೊತ್ತು ಹಾಜರಿಯ ಪುಸ್ತಕದಲ್ಲಿ ರುಜು ಹಾಕಿಸಿಕೊಂಡರು. ಪ್ರಮಾಣಪತ್ರವನ್ನು ಮಾತ್ರ ಅಂಚೆಯಲ್ಲಿ ಕಳುಹಿಸುವೆವೆಂದರು. ಅಂಚೆ ಬರಲಿಲ್ಲ, ದೂರವಾಣಿಯಲ್ಲಿ ಕೇಳಿದಾಗಲೆಲ್ಲ ಮುದ್ರಣವಾಗುತ್ತಿದೆ, ರುಜುವಾಗುತ್ತಿದೆ ಎಂಬ ಉತ್ತರಗಳು ಬಂದವು. ನನ್ನ ಅವಧಿ ಮುಗಿಯುವುದಕ್ಕೆ ಸಾಕಷ್ಟು ಮುಂಚೆಯೇ, ಶುಲ್ಕಸಹಿತವಾಗಿ, ನವೀಕರಣದ ಅರ್ಜಿ ಸಲ್ಲಿಸಿದ್ದೆ. ಆ ಶಿಬಿರದ ವರದಿಯಾಗಲಿ ಹಾಜರಾತಿಯ ಪಟ್ಟಿಯಾಗಲಿ ತಲುಪಿಲ್ಲವೆಂಬ ಕಾರಣದಿಂದ ಅದರ ಅಂಕಗಳನ್ನು ಎಣಿಸಲಾಗದೆಂದು ದಿಲ್ಲಿಯ ಪರಿಷತ್ತಿನ ಕಚೇರಿಯಿಂದ ಪತ್ರ ಬಂತು. ಪತ್ರವ್ಯವಹಾರ ನಡೆದಿರುವಾಗಲೇ ಪ್ರಮಾಣಪತ್ರದ ಮೇಲಿನ ದಿನಾಂಕ ಮುಗಿದುಹೋಯಿತು.

ಇಂಥ ಸಮಯದಲ್ಲಿ ಅನುದಾನದ ತಪಾಸಣೆಗೆಂದು ಅಧಿಕಾರಿಯೊಬ್ಬರು ನಮ್ಮ ಕೇಂದ್ರಕ್ಕೆ ಬಂದರು. ಅವರು ಬಂದದ್ದು ಬೆಳಗಿನ ಕೆಲಸ ಕಳೆಕಟ್ಟಿದ್ದ ಹೊತ್ತು. ಉದ್ದನೆಯ ಮೇಜಿನ ಎರಡು ಪಕ್ಕದಲ್ಲಿಯೂ ಹುಡುಗರು ಕೂತಿದ್ದರು. ಅಗರಬತ್ತಿಯ ಕಂಪು ಕೋಣೆಯನ್ನೆಲ್ಲ ತುಂಬಿತ್ತು. ಅವರು ಕುರ್ಚಿಯಲ್ಲಿ ಕೂರಲೊಲ್ಲದೆ, ನಿಂತಂತೆಯೇ ಸಿಬ್ಬಂದಿಯ ಕಡತವನ್ನು ತರಿಸಿಕೊಂಡು, ನನ್ನ ಪ್ರಮಾಣಪತ್ರದ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಅವಧಿ ಮುಗಿದಿದೆಯೆಂದರು. ಅರ್ಜಿ ಸಲ್ಲಿಸಿದ್ದಕ್ಕೆ ಶುಲ್ಕದ ರಸೀತಿಯನ್ನೂ, ದಿಲ್ಲಿಯ ಪತ್ರವನ್ನೂ ಮುಂದಿಟ್ಟೆ. ಅವುಗಳ ಮೇಲೆ ಅವರು ಕಣ್ಣಾಡಿಸಲೂ ಇಲ್ಲ. ಅರ್ಜಿ ಹಾಕಿದವರೆಲ್ಲ ನೋಂದಾಯಿತರಾಗುವುದಾದರೆ ನೋಂದಣಿ ಏಕೆ ಬೇಕು ಎಂದು ಕೇಳಿ, ಪರಿಷತ್ತಿನ ಅಧಿನಿಯಮದ ಹದಿಮೂರನೆಯ ಪ್ರಕರಣದ ಪ್ರಕಾರ ನೋಂದಣಿಯಿಲ್ಲದವನು ಈ ವೃತ್ತಿಯನ್ನು ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟೆಂದು ಕೋಣೆಯ ಆ ತುದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಕಾನೂನಿನಲ್ಲಿ ಆ ಮಾತು ಇರುವುದು ನಿಜ. ಅದನ್ನು ಕಚೇರಿಯ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು ನನಗೊಬ್ಬನಿಗೆ ಹೇಳಿದ್ದರೆ ನಾನು ತಲೆಬಾಗಿ ಕೇಳುತ್ತಿದ್ದೆ.

ಜೈಲು ಎಂಬ ಮಾತು ನಮ್ಮ ಹುಡುಗರಿಗೆ ಸಿನಿಮಾಗಳಿಂದ ಚೆನ್ನಾಗಿ ಪರಿಚಿತ. ಹಲಗೆಯ ಮೇಲೆ ಕಡ್ಡಿ ಜೋಡಿಸುತ್ತಿದ್ದವನು ಕೈಯಲ್ಲಿದ್ದ ಕಡ್ಡಿಗಳನ್ನು ಹಾಗೆಯೇ ಬಿಟ್ಟು ಎದ್ದುಬಂದು, ನನ್ನ ಅಂಗಿಯ ತೋಳನ್ನು ಎರಡು ಕೈಯಿಂದಲೂ ಹಿಡಿದುಕೊಂಡನು. ಅವನ ಬೆರಳುಗಳ ಕಪ್ಪು ಹುಡಿ ನನ್ನ ಬಿಳಿಯ ತೋಳಿಗೆ ಮೆತ್ತಿತು. ಮತ್ತೊಬ್ಬಳು ಅಳತೊಡಗಿದಳು. ಮೇಜಿನ ಕೆಲಸ ಪೂರ್ತಿಯಾಗಿ ನಿಂತುಹೋಯಿತು. ಮಗನನ್ನು ಬಿಡಲು ಬಂದು ಬಾಗಿಲಲ್ಲಿ ನಿಂತಿದ್ದ ತಂದೆಯೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, ಏನೂ ಮಾತನಾಡದೆ, ಮಗನ ಚೀಲವನ್ನು ಹೆಗಲಿಗೇರಿಸಿ ಅವನನ್ನು ಹಿಂದಕ್ಕೆ ಕರೆದುಕೊಂಡು ಹೋದರು. ಅಧಿಕಾರಿಗಳು ಸಂದರ್ಶಕರ ಪುಸ್ತಕದಲ್ಲಿ ಅರ್ಹ ಸಿಬ್ಬಂದಿ ಇಲ್ಲವೆಂದು ಷರಾ ಬರೆದು, ಕೆಳಗೆ ಅಂದವಾಗಿ ರುಜು ಮಾಡಿ, ಚಹಾ ಬೇಡವೆಂದು ಹೊರಟುಹೋದರು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಬೌದ್ಧಿಕ ವಿಕಲತೆಯುಳ್ಳವರ ವೃತ್ತಿ ಪುನರ್ವಸತಿಯನ್ನು ಕಲಿತು ಬಂದು, ನನ್ನ ಪ್ರಾಯದ ಅತ್ಯುತ್ತಮ ಭಾಗವನ್ನು ಆ ಮೇಜಿನ ಸುತ್ತ ಕಳೆದಿದ್ದ ನನಗೆ ಆ ಮೂರು ಪದಗಳು ಉಂಟುಮಾಡಿದ ನೋವು ಇನ್ನೂ ಆರಿಲ್ಲ.

ನೋವಿಗಿಂತ ದೊಡ್ಡದು ನಷ್ಟ. ಆಗ ನಮ್ಮ ಹುಡುಗನೊಬ್ಬನಿಗೆ ದೊಡ್ಡ ಅಂಗಡಿಯೊಂದರ ಗೋದಾಮಿನಲ್ಲಿ ಕೆಲಸ ಕೊಡಿಸುವ ಮಾತುಕತೆ ಮುಗಿಯುವ ಹಂತದಲ್ಲಿತ್ತು. ಅವನಿಗೆ ಕೆಲಸದ ಸ್ಥಳದಲ್ಲಿ ಏನೇನು ಅನುಕೂಲ ಬೇಕು, ಯಾವ ಕೆಲಸ ಒಗ್ಗುತ್ತದೆ, ಯಾವುದು ಒಗ್ಗದು ಎಂಬುದನ್ನು ಕುರಿತು ನೋಂದಾಯಿತ ವೃತ್ತಿಪರನ ರುಜುವುಳ್ಳ ವರದಿಯನ್ನು ಅವರು ಕೇಳಿದ್ದರು. ಕೇಳಿದ್ದು ನ್ಯಾಯವೇ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಹೇಳುವ ಸಮಂಜಸ ಹೊಂದಾಣಿಕೆಯನ್ನು ಮಾಲೀಕರು ಮಾಡಿಕೊಡಬೇಕಾದರೆ ಏನು ಬೇಕೆಂಬುದನ್ನು ಬಲ್ಲವರು ಬರೆದುಕೊಡಬೇಡವೇ? ವರದಿ ಸಿದ್ಧವಾಗಿತ್ತು. ರುಜು ಹಾಕುವ ಅಧಿಕಾರ ನನಗಿರಲಿಲ್ಲ. ನೆರೆಯ ಜಿಲ್ಲೆಯ ನೋಂದಾಯಿತರನ್ನು ಕರೆಸುವಷ್ಟರಲ್ಲಿ ಆ ಸ್ಥಾನ ಬೇರೊಬ್ಬರ ಪಾಲಾಯಿತು. ಶಿಬಿರದ ಸಂಘಟಕರು ಒಂದು ಪಟ್ಟಿಯನ್ನು ಸಕಾಲಕ್ಕೆ ಕಳುಹಿಸದೆ ಹೋದದ್ದರ ಫಲವನ್ನು, ಅವರನ್ನು ಎಂದೂ ಕಾಣದ ಒಬ್ಬ ಹುಡುಗ ಉಣ್ಣಬೇಕಾಯಿತು.

ಕಡೆಗೆ ನಾನೇ ಆ ಪಟ್ಟಣಕ್ಕೆ ಹೋಗಿ, ಸಂಸ್ಥೆಯ ಕಚೇರಿಯಲ್ಲಿ ಬಾಗಿಲು ಮುಚ್ಚುವವರೆಗೂ ಕೂತೆ. ಕಾರ್ಯದರ್ಶಿಗಳು ಹಾಜರಾತಿಯ ಪುಸ್ತಕ ಕಾಣೆಯಾಗಿದೆಯೆಂದು ಮೊದಲು ಹೇಳಿದರು. ದಿಲ್ಲಿಗೆ ಹೋಗಿದೆಯೆಂದು ಆಮೇಲೆ ಹೇಳಿದರು. ಅಲ್ಲಿಯ ಜವಾನ, ವಯಸ್ಸಾದ ಮನುಷ್ಯ, ನನ್ನ ಮುಖ ನೋಡಿ ಏನೆನಿಸಿತೋ, ಕಪಾಟಿನ ಕೆಳಗಿನ ಅರೆಯಿಂದ ಅದನ್ನು ತೆಗೆದು ಧೂಳು ಕೊಡವಿ ಮೇಜಿನ ಮೇಲಿಟ್ಟನು. ನನ್ನ ರುಜುಗಳು ಒಂದೂ ಬಿಡದಂತೆ ಅದರಲ್ಲಿದ್ದವು; ನನ್ನಂತೆಯೇ ಬಾಗಲಕೋಟೆಯಿಂದ, ಗದಗಿನಿಂದ, ಕೊಪ್ಪಳದಿಂದ ಬಂದಿದ್ದವರವೂ ಇದ್ದವು. ಪುಟಗಳ ಛಾಯಾಪ್ರತಿಯನ್ನು ಮುದ್ರೆಸಹಿತ ಪಡೆದು, ಆಹ್ವಾನ ಪತ್ರದೊಡನೆ ಪರಿಷತ್ತಿಗೆ ಕಳುಹಿಸಿದ ಮೇಲೆ, ವಿಳಂಬ ಶುಲ್ಕವನ್ನೂ ತೆತ್ತು, ನವೀಕರಣ ದೊರೆಯಿತು. ಆ ಶುಲ್ಕವನ್ನು ಸಂಘಟಕರಿಂದ ಕೇಳಿದೆ, ಕೊಡಲಿಲ್ಲ.

ಇದರಿಂದ ಕಿರಿಯರು ತಿಳಿಯಬೇಕಾದದ್ದು ಹೆಚ್ಚೇನಿಲ್ಲ. ಶಿಬಿರಕ್ಕೆ ಹಣ ಕಟ್ಟುವುದಕ್ಕೆ ಮುಂಚೆ ಪರಿಷತ್ತಿನ ಅನುಮೋದನೆಯ ಪತ್ರವನ್ನೇ ನೋಡಲು ಕೇಳಿರಿ. ಅಚ್ಚಾದ ಆಹ್ವಾನ ಪತ್ರವನ್ನು ನಂಬಬೇಡಿರಿ. ಮುಕ್ತಾಯದ ದಿನವೇ ಪ್ರಮಾಣಪತ್ರವಿಲ್ಲದೆ ಹೊರಡಬೇಡಿರಿ. ಕೊಡದಿದ್ದರೆ ಹಾಜರಾತಿಯ ಪುಟದ ಚಿತ್ರವನ್ನಾದರೂ ಮೊಬೈಲಿನಲ್ಲಿ ತೆಗೆದುಕೊಳ್ಳಿರಿ. ಅಂಕಗಳನ್ನೆಲ್ಲ ಕೊನೆಯ ವರ್ಷಕ್ಕೆ ಉಳಿಸಿಕೊಳ್ಳದೆ, ವರ್ಷ ವರ್ಷವೂ ಗಳಿಸುತ್ತ ಬನ್ನಿರಿ. ತಪಾಸಣೆಗೆ ಬಂದವರು ನಿಮ್ಮ ಕಾಗದಗಳನ್ನು ಓದಲೊಲ್ಲದಿದ್ದರೆ, ಅವರ ಷರಾದ ಕೆಳಗೆ ನಿಮ್ಮ ಉತ್ತರವನ್ನೂ ಅಂದೇ ಬರೆದು ರುಜು ಹಾಕಿರಿ.

ಅಧಿಕಾರದಲ್ಲಿರುವವರಿಗೂ ಒಂದು ಮಾತು ಹೇಳಬೇಕಾಗಿದೆ. ಶಿಬಿರಗಳು ಬಹುಮಟ್ಟಿಗೆ ಬೆಂಗಳೂರು ಮೈಸೂರುಗಳಲ್ಲಿಯೂ ಹೊರರಾಜ್ಯಗಳಲ್ಲಿಯೂ, ಹೆಚ್ಚಿನವು ಇಂಗ್ಲಿಷಿನಲ್ಲಿ ನಡೆಯುತ್ತವೆ. ಬೀದರಿನ ಅಥವಾ ರಾಯಚೂರಿನ ತಾಲ್ಲೂಕು ಕೇಂದ್ರವೊಂದರಲ್ಲಿ ಅಲ್ಪ ಸಂಬಳಕ್ಕೆ ದುಡಿಯುವ ಶಿಕ್ಷಕಿಯೊಬ್ಬಳು, ಮನೆಯನ್ನೂ ಮಕ್ಕಳನ್ನೂ ಬಿಟ್ಟು, ಪ್ರಯಾಣದ ವೆಚ್ಚವನ್ನೂ ಶಿಬಿರದ ಶುಲ್ಕವನ್ನೂ ತಾನೇ ಭರಿಸಿ, ಅರ್ಧ ಅರ್ಥವಾಗುವ ಭಾಷೆಯಲ್ಲಿ ಕೂತುಬರಬೇಕಾದರೆ, ಅವಳಿಗೆ ದೊರೆಯುವುದು ಅಂಕ ಮಾತ್ರ, ವಿದ್ಯೆ ದೊರೆಯುವುದಿಲ್ಲ. ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ, ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ, ದಾವಣಗೆರೆಯಲ್ಲಿ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಇವುಗಳ ತಜ್ಞರು ಜಿಲ್ಲೆಗೊಂದರಂತೆ ಕನ್ನಡದಲ್ಲಿ, ಹಲಗೆಯನ್ನೂ ಕಡ್ಡಿಯನ್ನೂ ಮುಂದಿಟ್ಟುಕೊಂಡು ಕಲಿಸುವ ಶಿಬಿರಗಳನ್ನು ನಡೆಸಲು ಏನಡ್ಡಿ? ಇದನ್ನೇ ವಿವರವಾಗಿ ಬರೆದು ಪರಿಷತ್ತಿಗೂ ರಾಜ್ಯದ ಇಲಾಖೆಗೂ ಮನವಿ ಕಳುಹಿಸಿದ್ದೇನೆ. ಅದರ ಪ್ರತಿಯೊಂದನ್ನು ನಮ್ಮ ಕೇಂದ್ರದಲ್ಲಿ ಇಟ್ಟಿದ್ದೇನೆ. ಜೊತೆಗೆ ರುಜು ಹಾಕಲು ಇಚ್ಛಿಸುವ ಸಹೋದ್ಯೋಗಿಗಳು ಯಾವ ಕೆಲಸದ ದಿನವಾದರೂ ಬರಬಹುದು.